ತಾರ್ಯಾನ ಕ್ಲಚ್ ಪೆಡಲ್

"ಇನ್ನೂ ಸರಿಯಾಗಿಲ್ಲ ಕಣೋ ಎಂಕೋಸ್! ಹತ್ತಿ ಮೂಟೆ ತುಳಿದ ಹಾಗಿದೆ," ಎಂದು ತಾರ್ಯಾ ವ್ಯಾನಿನೊಳಗಿಂದಲೇ ಕೂಗಿದ. ಗ್ಯಾರೇಜಿನ ಅಂಗಳದಲ್ಲಿ ಗಾಡಿ ಮುಗ್ಗರಿಸಿ ಗಕ್ಕನೆ ನಿಂತಿತು.

ಮೆಕ್ಯಾನಿಕ್ ಎಂಕೋಸ್ ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ಹುಬ್ಬು ಗಂಟಿಕ್ಕಿದ. ಬೆಳಗಿನಿಂದ ಅವನು ಆ ಪೆಡಲ್‌ಗೇ ಜೋತುಬಿದ್ದಿದ್ದ. ಅದರ ರಬ್ಬರ್ ಸವೆದು ಹೋಗಿ, ಕೆಳಗಿನ ಕಬ್ಬಿಣ ಕತ್ತಿಯ ಅಲುಗಿನಂತೆ ಹೊಳೆಯುತ್ತಿತ್ತು. ಪಿನ್ನಿನ ಸುತ್ತಲಿನ ಬಳೆಯಂಥ ಬುಶ್ ಕೂಡ ಸವೆದು, ಪೆಡಲ್ ಒಂದು ಕಡೆಗೆ ವಾಲಿತ್ತು. ಹೊಸ ಬುಶ್ ಕೂರಿಸಿ, ಕೇಬಲ್ ಬಿಗಿ ಮಾಡಿ, ಹೊಸ ರಬ್ಬರ್ ತೊಡಿಸಿ, ತಾನೇ ಓಡಿಸಿಯೂ ನೋಡಿದ್ದ. ಕ್ಲಚ್ ನಯವಾಗಿ ಹಿಡಿಯುತ್ತಿತ್ತು.

"ನಾನು ಓಡಿಸಿದಾಗ ಸರಿ ಇತ್ತಲ್ಲ ಮಾಂಗ್?"

ಗಾರುತ್ ಪೇಟೆಯಿಂದ ಗುಡ್ಡದ ಮೇಲಿನ ಚಿಕಾಜಾಂಗ್‌ವರೆಗೆ ಅದೇ ಹಳೆಯ ವ್ಯಾನಿನಲ್ಲಿ ಜನರನ್ನು ಸಾಗಿಸುತ್ತಿದ್ದ ತಾರ್ಯಾನನ್ನು ದಾರಿಯುದ್ದಕ್ಕೂ ಎಲ್ಲರೂ ಕರೆಯುವುದು ಮಾಂಗ್, ಅಂದರೆ ಚಿಕ್ಕಪ್ಪ, ಎಂದೇ.

"ನೀನು ಅಂಗಳ ಸುತ್ತಿದೆ. ಗಾಡಿ ತುಂಬ ಜನ ಕೂರಿಸ್ಕೊಂಡು ಏರು ಹತ್ತಿಸು, ಆಗ ಹೇಳು. ನಾನು ಬರಿಗಾಲಲ್ಲಿ ಓಡಿಸೋದು ಯಾಕೆ ಗೊತ್ತೇನೋ? ಕ್ಲಚ್ ಎಲ್ಲಿ ಹಿಡಿಯುತ್ತೆ ಅಂತ ಕಾಲಿಗೆ ತಿಳೀಬೇಕು."

ಎಂಕೋಸ್ ಮತ್ತೊಮ್ಮೆ ಪೆಡಲ್ ನೋಡಲೆಂದು ಬಾಗಿಲ ಬಳಿ ಬಗ್ಗಿದ. ಹೊಸ ರಬ್ಬರಿನ ಮೇಲೆ ಏನೋ ಒದ್ದೆ. ಎಣ್ಣೆ ಸೋರಿರಬೇಕೆಂದು ಬೆರಳಾಡಿಸಿದ. ಬೆರಳು ಕೆಂಪಾಯಿತು.

"ಮಾಂಗ್, ಕಾಲು ಎತ್ತಿ."

"ಯಾಕೋ?"

"ಎತ್ತಿ ಅಂದೆ!"

ಎಡ ಅಂಗಾಲು ಹೆಬ್ಬೆರಳ ಬುಡದಿಂದ ಅಡ್ಡಕ್ಕೆ ಸೀಳಿಹೋಗಿತ್ತು. ಹಳೆಯ ಪೆಡಲಿನ ಕಬ್ಬಿಣ ಕೊಯ್ದ ಗಾಯ. ಇವತ್ತಿನದಂತೂ ಅಲ್ಲ, ಅಂಚಿನ ಚರ್ಮ ಬೆಳ್ಳಗಾಗಿ ಸತ್ತುಹೋಗಿತ್ತು. ತಾರ್ಯಾ ಪಾದವನ್ನು ತಿರುಗಿಸಿ, ಬೇರೆ ಯಾರದೋ ಕಾಲನ್ನು ನೋಡುವವನ ಹಾಗೆ ನೋಡಿದ.

"ಇದು ಯಾವಾಗ ಆಯ್ತೋ?"

"ನೋಯ್ತಾ ಇಲ್ವಾ?"

"ಇಲ್ವಲ್ಲ."

ಎಂಕೋಸ್ ನೆಲದಲ್ಲಿದ್ದ ಸ್ಕ್ರೂಡ್ರೈವರ್ ಎತ್ತಿಕೊಂಡ. "ಕಣ್ಣು ಮುಚ್ಚಿ ಮಾಂಗ್. ಎಲ್ಲಿ ಒತ್ತಿದೀನಿ ಹೇಳಿ."

"ಮೊದಲು ಒತ್ತು ಮಾರಾಯ, ಆಮೇಲೆ ಕೇಳು."

ತಾರ್ಯಾ ಕಣ್ಣು ಬಿಟ್ಟ. ಸ್ಕ್ರೂಡ್ರೈವರಿನ ತುದಿ ಅವನ ಹೆಬ್ಬೆರಳಿನಲ್ಲಿ ಗುಳಿ ಮಾಡಿ ನಿಂತಿತ್ತು.

"ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು," ಎಂದ ಎಂಕೋಸ್ ಮೆಲ್ಲಗೆ. "ಸಕ್ಕರೆ ಕಾಯಿಲೆ."

ತಾರ್ಯಾನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. "ಹೋದ ವಾರ ತಿರುವಿನಲ್ಲಿ ಗಾಡಿ ಹಿಂದಕ್ಕೆ ಜಾರಿತು ಕಣೋ. ತುಂಬ ಸ್ಕೂಲ್ ಮಕ್ಕಳು. ಕಿರುಚಿಕೊಂಡವು. ಕಣಿವೆಗೆ ಇನ್ನೊಂದು ಮಾರು ಇತ್ತೋ ಇಲ್ಲವೋ, ಹೇಗೋ ನಿಂತಿತು. ನಾನು... ನಾನು ಇಳಿದು ಪೆಡಲ್‌ಗೆ ಬೈದೆ." ಅವನು ಸ್ಟೀರಿಂಗಿನಿಂದ ಕೈ ತೆಗೆದ.

"ಹಿಂದೆ ಹೋಗಿ ಕೂತ್ಕೊಳ್ಳಿ. ಆಸ್ಪತ್ರೆಗೆ ಹೋಗೋಣ."

"ಮಧ್ಯಾಹ್ನದ ಟ್ರಿಪ್..."

"ಮಾಂಗ್!"

ಎಂಕೋಸ್ ಗಾಯಕ್ಕೆ ಬಟ್ಟೆ ಸುತ್ತಿ, ತಾನು ಸ್ಟೀರಿಂಗ್ ಮುಂದೆ ಕೂತ. ತಾರ್ಯಾ ತನ್ನದೇ ಗಾಡಿಯ ಹಿಂದಿನ ಬೆಂಚಿನಲ್ಲಿ, ಎಂದೂ ಕೂರದ ಜಾಗದಲ್ಲಿ, ಕಂಬಿ ಹಿಡಿದು ಕುಳಿತ.

ಪೇಟೆಯ ತಿರುವಿನಲ್ಲಿ ವಾಹನಗಳು ಸಿಕ್ಕಿಕೊಂಡು ವ್ಯಾನ್ ನಿಂತಿತು. ಅಷ್ಟರಲ್ಲಿ ತರಕಾರಿ ಮಾರುವ ಇಮಾಸ್ ಎಂದಿನಂತೆ ತೆರೆದ ಬಾಗಿಲಿಂದ ಬುಟ್ಟಿ ನೂಕಿ ತಾನೂ ಹತ್ತಿಬಿಟ್ಟಳು. ಏರು ಬಂತು. ಎಂಕೋಸ್ ಗೇರ್ ಬದಲಿಸಿದ್ದು ಯಾರಿಗೂ ತಿಳಿಯಲಿಲ್ಲ. ಬುಟ್ಟಿಯ ಮೇಲಿನ ಕೋಸುಗಡ್ಡೆ ಕೂಡ ಅಲುಗಲಿಲ್ಲ.

"ಅಂತೂ ರಿಪೇರಿ ಮಾಡಿಸಿದ್ರಲ್ಲ ಮಾಂಗ್!" ಇಮಾಸ್ ಮುಖ ಅರಳಿಸಿ ನಕ್ಕಳು. "ಇವತ್ತು ನೋಡಿ, ಒಂಚೂರೂ ಕುಲುಕ್ತಿಲ್ಲ. ಇನ್ನೇನು ಭಯ? ಹೋದ ವಾರ ಹೆದರಿದ್ದ ಮೊಮ್ಮಗಳನ್ನ ನಾಳೆಯಿಂದ ಮತ್ತೆ ನಿಮ್ಮ ಗಾಡೀಲೇ ಸ್ಕೂಲಿಗೆ ಕಳಿಸ್ತೀನಿ."