ಕಿಟಕಿ ಪಕ್ಕದ ಸೀಟು

ಈ ದ್ವೀಪದಿಂದ ಆ ದ್ವೀಪಕ್ಕೆ ನೂರಹತ್ತು ಕಿಲೋಮೀಟರ್. ದೋಣಿಯಲ್ಲಾದರೆ ಒಂದು ಹಗಲು ಪೂರ್ತಿ ಬೇಕು, ವಿಮಾನದಲ್ಲಾದರೆ ಇಪ್ಪತ್ತೆರಡೇ ನಿಮಿಷ. ಇದ್ದದ್ದು ದಿನಕ್ಕೆ ಒಂದೇ ವಿಮಾನ. ಕಂಟ್ರೋಲ್ ಟವರಿನಲ್ಲಿ ಕೂತು ಅದಕ್ಕೆ ಹಾರಲು ಅಪ್ಪಣೆ ಕೊಡುವುದು ಅವನ ಕೆಲಸ.

ಅವತ್ತು ಬೆಳಿಗ್ಗೆ, ತವರಿಗೆ ಹೊರಟ ಹೆಂಡತಿಯನ್ನು ನಿಲ್ದಾಣದ ಬಾಗಿಲಲ್ಲಿ ಇಳಿಸಿ, ಮುಟ್ಟಿದ ಕೂಡಲೇ ಫೋನ್ ಮಾಡು ಎಂದು ಹೇಳಿ ಟವರಿನ ಮೆಟ್ಟಿಲು ಹತ್ತಿದ್ದ. ವಿಮಾನ ಹೊತ್ತಿಗೆ ಸರಿಯಾಗಿ ಹಾರಿತು. ಹನ್ನೆರಡನೆಯ ನಿಮಿಷಕ್ಕೆ ರೇಡಿಯೋದಲ್ಲಿ ಪೈಲಟ್‌ನ ದನಿ ನಿಂತುಹೋಯಿತು.

ವಿಮಾನ ಹಾರಿ ನಲವತ್ತು ನಿಮಿಷ ಕಳೆದ ಮೇಲೆ ಆ ದ್ವೀಪದ ಟವರಿಗೆ ಮತ್ತೆ ಫೋನ್ ಮಾಡಿದ.

"ಇನ್ನೂ ಬಂದಿಲ್ಲ ಸಾರ್. ಕರೆದರೆ ಉತ್ತರಾನೂ ಇಲ್ಲ."

"ಮೋಡ ಏನಾದ್ರೂ ಇದೆಯೇನಪ್ಪಾ?"

"ಆಕಾಶ ತೊಳೆದಿಟ್ಟ ಹಾಗಿದೆ ಸಾರ್."

"ಇನ್ನೊಂದು ಸಲ ನೋಡು. ನಮ್ಮ ಮನೆಯವಳು ಅದರಲ್ಲಿದ್ದಾಳೆ."

"ಹುಡುಕೋಕೆ ದೋಣಿ ಕಳಿಸಿದೀವಿ ಸಾರ್. ಧೈರ್ಯ ತಗೊಳ್ಳಿ."

ಅವಳ ಫೋನ್ ಸ್ವಿಚ್ ಆಫ್ ಆಗಿತ್ತು. ದೋಣಿಯಲ್ಲಿ ಹೋದರೆ ತಲೆ ಸುತ್ತುತ್ತದೆಂದು ವಿಮಾನದ ಟಿಕೆಟ್ ತಂದುಕೊಟ್ಟವನು ಅವನೇ. ಕೌಂಟರಿನವರನ್ನು ಕೇಳಿಕೊಂಡು ಕಿಟಕಿ ಪಕ್ಕದ ಸೀಟು ಕೊಡಿಸಿದವನೂ ಅವನೇ.

ಒಂದು ಗಂಟೆಯಾಗುತ್ತ ಬಂದಿತ್ತು; ವಿಮಾನ ಆ ದ್ವೀಪದಲ್ಲಿ ಇನ್ನೂ ಇಳಿದಿರಲಿಲ್ಲ. ಆಗ ಅವನ ಮೊಬೈಲ್ ಬಡಿದುಕೊಂಡಿತು. ಪರದೆಯ ಮೇಲೆ ಅವಳ ಹೆಸರು. ತೆಗೆದು ಕಿವಿಗಿಟ್ಟ.

"ಬಂದು ಮುಟ್ಟಿದೆ ಕಣ್ರೀ," ಎಂದಳು ಅವಳು. "ಅಮ್ಮ ಆಗಲೇ ಕಾಫಿಗೆ ಇಟ್ಟಿದಾರೆ. ಕಿಟಕಿಯಿಂದ ಸಮುದ್ರ ಎಷ್ಟು ಚೆನ್ನಾಗಿ ಕಾಣ್ತಿತ್ತು ಗೊತ್ತಾ."