ಅರ್ಧ ಅಳತೆಯ ಮದ್ದು

ಈರಬಸಪ್ಪಗೌಡರು ಇಪ್ಪತ್ತು ಖಾಲಿ ಹಿತ್ತಾಳೆ ತೋಟಾಗಳನ್ನು ಜುಂಜಯ್ಯನ ಗುಡ್ಲಿನ ಮುಂದೆ ಗೋಣಿಚೀಲದ ಮೇಲೆ ಸುರಿದು, ಪಕ್ಕದಲ್ಲೇ ಮದ್ದಿನ ಡಬ್ಬಿ ಇಟ್ಟರು.

"ಮಧ್ಯಾಹ್ನದೊಳಗೆ ತುಂಬಿ ಮಡಗು ಜುಂಜಯ್ಯ. ದಾವಣಗೆರೆಯಿಂದ ಹೊಸ ಬೀಗರು ಬಂದವ್ರೆ, ಮೊಲದ ಶಿಕಾರಿ ತೋರಿಸ್ಬೇಕು. ಮದ್ದು ಮಾತ್ರ ಗಟ್ಟಿಸಿ ತುಂಬು. ನಾನಿಲ್ಲಿ ಈಡು ಹೊಡೆದ್ರೆ ಅಲ್ಲಿ ತಾಳ್ಯದ ಊರಾಗೆ ಕೇಳ್ಬೇಕು."

ಖಾಲಿ ತೋಟಾಗೆ ಮತ್ತೆ ಮದ್ದು ತುಂಬಿ, ಸೀಸದ ಗುಂಡು ಕೂರಿಸಿ ಕೊಡೋದರಲ್ಲಿ ಆ ಸುತ್ತಿಗೆಲ್ಲ ಜುಂಜಯ್ಯನದೇ ಹೆಸರು. ಆದರೆ ಅವನ ಕೈಗೆ ನಡುಕ ಬಂದು ಎರಡು ವರ್ಷವಾಯಿತು. ಸೀಸ ಕರಗಿಸುವವಳು, ಅಚ್ಚಿಗೆ ಹೊಯ್ಯುವವಳು, ಮದ್ದು ಅಳೆಯುವವಳು ಎಲ್ಲಾ ಸೊಸೆ ಮಲ್ಲಕ್ಕ. ದುಡಿಮೆ ಸೊಸೆಯದು, ಹೆಸರು ಮಾವನದು. ಇರಲಿ ಬಿಡಿ, ಯಾವ ಮನೆಯಲ್ಲಿಲ್ಲ ಇದು.

ಮಲ್ಲಕ್ಕ ಒಳಗಿಂದ ಬಂದು ಗೌಡರಿಗೆ ಎದುರಾಗಿಯೇ ನಿಂತಳು.

"ಗೌಡ್ರೆ, ನಮ್ಮ ಎಂಬತ್ತು ಕುರಿ ನಿಮ್ಮ ಹೊಲದಾಗೇ ಮೇಯ್ತಾ ಅವೆ. ಎಲ್ಲಾ ತುಂಬಿದ ಗಬ್ಬ. ಹೋದ ವರ್ಷ ನೀವು ಹೊಡೆದ ಎರಡೇ ಈಡಿಗೆ ಬೆದರಿ ಬಿದ್ದು ಎದ್ದು ಓಡಿ, ಹನ್ನೊಂದು ಕುರಿ ಕಂದು ಹಾಕಿದ್ವು."

"ಬಂದೂಕು ಅಂದ್ಮೇಲೆ ಸದ್ದಿಲ್ದೆ ಇರ್ತೈತೇನಮ್ಮ?"

"ಮೊಲಕ್ಕೆ ಅರ್ಧ ಅಳತೆ ಮದ್ದು ಸಾಕು. ಕುರಿ ಬೆದರೋ ಅಷ್ಟು ಸದ್ದು ಬರಲ್ಲ."

"ಬೀಗರ ಮುಂದೆ ನನ್ನ ಬಂದೂಕು ಕೆಮ್ಮಬೇಕೇನು?" ಗೌಡರ ಮುಖ ಕೆಂಪಾಯಿತು. "ಗಟ್ಟಿ ತುಂಬದಿದ್ರೆ ನಾಳೆಯಿಂದ ನಿಮ್ಮ ಒಂದು ಕುರೀನೂ ನನ್ನ ಬಾವಿ ತೊಟ್ಟಿಗೆ ಮೂತಿ ಇಡಂಗಿಲ್ಲ. ತಿಳೀತಾ?"

ಗೌಡರು ಅತ್ತ ಹೋದರು. ಜುಂಜಯ್ಯ ಇತ್ತ ಗೋಗರೆದ. "ತುಂಬಿ ಕೊಟ್ಟುಬಿಡವ್ವ. ಆ ತೊಟ್ಟಿ ತಪ್ಪಿದ್ರೆ ನೀರಿಗೆ ಕೆರೇನೇ ಗತಿ. ಎರಡು ಮೈಲಿ."

"ಹೋದ ವರ್ಷ ಆ ಹನ್ನೊಂದು ಮರಿ ಹೂತಿದ್ದು ಯಾರು ಮಾವ?"

ಹೂತವಳು ಅವಳೇ. ಮೈಮೇಲೆ ಉಣ್ಣೆಯೂ ಮೂಡದ, ಕಣ್ಣೂ ಬಿಡದ ಮರಿಗಳನ್ನು ಸೆರಗಿನಲ್ಲಿ ಹೊತ್ತು, ಜಾಲಿ ಮರದ ಬುಡದಲ್ಲಿ ಒಂದೊಂದಕ್ಕೂ ಒಂದೊಂದು ಗುಂಡಿ ತೋಡಿದ್ದಳು. ಇಷ್ಟಕ್ಕೂ ಯಾತಕ್ಕಾಗಿ? ಒಬ್ಬ ಗಂಡಸಿನ ಜಂಬಕ್ಕಾಗಿ.

ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿಯ ಬಾಗಿಲಿಗೆ ಹಾಕಿ, ಸರಕು ಇಳಿಸುವಾಗ ಕಿತ್ತೆಸೆದ ಸೀಸದ ಮುದ್ರೆಗಳನ್ನು ಆರಿಸಿ ತಂದಿಟ್ಟಿದ್ದಳು. ಅವನ್ನು ಹಳೇ ಸೌಟಿಗೆ ಹಾಕಿ ಕರಗಿಸಿ ಇಪ್ಪತ್ತು ಗುಂಡು ಹೊಯ್ದಳು. ಆಮೇಲೆ ಒಲೆಯಿಂದ ದೂರ, ಹೊರಗಿನ ಜಗಲಿಯಲ್ಲಿ ಕೂತು ಮದ್ದಿನ ಡಬ್ಬಿ ತೆರೆದಳು. ಅಳತೆ ಅರ್ಧಕ್ಕೆ ಬಂದಾಗ ಕೈ ನಿಲ್ಲಿಸಿದಳು. ಇಪ್ಪತ್ತಕ್ಕೂ ಅಷ್ಟೇ. ಜುಂಜಯ್ಯ ನೋಡಿದ. ನೋಡಿಯೂ ನೋಡದವನ ಹಾಗೆ ಎಲೆಅಡಿಕೆ ಸಂಚಿ ಬಿಚ್ಚಿದ.

ಮಧ್ಯಾಹ್ನ ಅಂಬಾಸಡರ್ ಕಾರು ಹೊಲದ ಬದುವಿಗೆ ಬಂದು ನಿಂತಿತು. ಬೀಗರಿಬ್ಬರು ಬಿಳಿ ಪಂಚೆ ಎತ್ತಿ ಹಿಡಿದು ಇಳಿದರು. ಶೇಂಗಾ ಕಿತ್ತ ಹೊಲದಲ್ಲಿ ಮೂವತ್ತು ಮಾರು ದೂರಕ್ಕೆ ಒಂದು ಮೊಲ ಕಿವಿ ನಿಮಿರಿಸಿ ಕೂತಿತ್ತು. ಗೌಡರು ಮೀಸೆ ಮೇಲೆ ಕೈಯಾಡಿಸಿ, "ಕಿವಿ ಮುಚ್ಕಳ್ರಿ ಬೀಗರೆ" ಎಂದು ಗುರಿ ಹಿಡಿದರು. ಬೀಗರು ಎರಡೂ ಕಿವಿಗೆ ಬೆರಳು ತುರುಕಿಕೊಂಡರು.

ಮೊರಕ್ಕೊಂದು ಏಟು ಹಾಕಿದ ಹಾಗೆ ಟಪ್ ಅಂತು. ಅಷ್ಟೇ. ಮೊಲ ಒಂದು ಮೊಳ ಮೇಲೆ ಹಾರಿ ಬಿತ್ತು. ಬೀಗರು ಕಿವಿ ಮುಚ್ಚಿಕೊಂಡೇ ಕಾಯುತ್ತಿದ್ದರು. ಸ್ವಲ್ಪ ಹೊತ್ತು ನೋಡಿ ಹಿರಿಯವರು ಕೇಳಿಯೇಬಿಟ್ಟರು.

"ಯಾವಾಗ ಹೊಡೀತೀರಿ ಗೌಡ್ರೆ?"

ಗೌಡರು ಧುಮುಗುಟ್ಟುತ್ತಾ, ಕುರಿ ಮಂದೆಯ ಹತ್ತಿರ ನಿಂತಿದ್ದ ಮಲ್ಲಕ್ಕನ ಬಳಿ ಬಂದರು. "ಏನೇ ಮಾಡಿದೀಯ ನನ್ನ ತೋಟಾಗೆ?"

"ಅರ್ಧ ಅಳತೆ ತುಂಬಿದೀನಿ. ಮಾವ ಅಲ್ಲ, ನಾನು. ಬೇಕಂತಲೇ." ಮಲ್ಲಕ್ಕ ಮಡಿಲಿನಿಂದ ಡಬ್ಬಿ ತೆಗೆದು ಅವರ ಮುಂದೆ ಹಿಡಿದಳು. "ಉಳಿದಿದ್ದು ಇದರಾಗೈತೆ, ತಗಳ್ರಿ. ಮೊಲ ಸತ್ತೈತಲ್ಲ. ಅದಕ್ಕೆ ಗೊತ್ತಾದ್ರೆ ಸಾಕು, ಊರಿಗೆಲ್ಲ ಯಾಕೆ ಡಂಗುರ?"

ಗೌಡರಿಗೆ ಮೈಯೆಲ್ಲ ಉರಿದುಹೋಯಿತು. ಮಂದೆ ಚೆಲ್ಲಾಪಿಲ್ಲಿಯಾಗಿ ಓಡಲಿ, ಇವಳು ಬಾಯಿ ಬಡಕೊಳ್ಳಲಿ ಅಂತ ಬಂದೂಕನ್ನು ಕುರಿಗಳ ತಲೆಯ ಮೇಲೆ ಆಕಾಶಕ್ಕೆ ಎತ್ತಿದರು. ಟಪ್. ಬಂದೂಕು ಬಿಚ್ಚಿ ಇನ್ನೊಂದು ತೋಟಾ ಹಾಕಿದರು. ಟಪ್. ಮತ್ತೊಂದು. ಟಪ್. ಎಂಬತ್ತರಲ್ಲಿ ಒಂದಾದರೂ ತಲೆ ಎತ್ತಬೇಕಲ್ಲ, ಊಹೂಂ. ಪಕ್ಕದಲ್ಲೇ ಇದ್ದ ದಪ್ಪ ಹೊಟ್ಟೆಯ ಕುರಿಯೊಂದು ಶೇಂಗಾ ಬಳ್ಳಿ ಎಳೆದುಕೊಂಡು ಅಗಿಯುತ್ತಲೇ ಇತ್ತು. ಬೀಗರು ಕಾರಿನ ಕಡೆ ಮುಖ ತಿರುಗಿಸಿ ನಿಂತಿದ್ದರು, ಅವರ ಹೆಗಲು ಕುಲುಕುತ್ತಿತ್ತು.

"ನಾಳೆಯಿಂದ ನನ್ನ ಬಾವಿ ನೀರು ಮುಟ್ಟಿದ್ರೆ ನೋಡು," ಎಂದರು ಗೌಡರು. ಅವರ ದನಿಯೂ ಸಣ್ಣಗಾಗಿತ್ತು.

"ಆಗ್ಲಿ ಗೌಡ್ರೆ." ಮಲ್ಲಕ್ಕ ಡಬ್ಬಿಯನ್ನು ಅವರ ಕಾಲ ಬಳಿ ಇಟ್ಟು, ಕೋಲು ತಗೊಂಡು ಮಂದೆಯನ್ನು ಕೆರೆಯ ದಾರಿಗೆ ತಿರುಗಿಸಿದಳು. "ಎರಡು ಮೈಲಿ ತಾನೆ, ನಡೀತವೆ. ಹೊಟ್ಟೆಯಾಗೆ ಮರಿ ಇಟ್ಕಂಡೇ ನಡೀತವೆ."