ಇತ್ತೀಚೆಗೆ ತೆರೆದ ಫೋಲ್ಡರುಗಳು

ಅಚ್ಚಿಗೆ ಹೋಗಬೇಕಿದ್ದ ಲಗ್ನಪತ್ರಿಕೆಯ ಫೈಲು ಎಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಮದುಮಗಳ ಸೋದರಮಾವ ನಮ್ಮ ಪ್ರೆಸ್ಸಿನ ಕೌಂಟರಿಗೆ ಒರಗಿ ನಿಂತಿದ್ದರು.

"ತಡೀರಿ ಸಾರ್, ಹೋದ ವಾರ ಒಂದು ಸಾಫ್ಟ್‌ವೇರ್ ಹುಡುಕಿ ಹಾಕಿದೀನಿ," ಎಂದ ಯತೀಶ. "ಈಚೆಗೆ ಯಾವ್ಯಾವ ಫೋಲ್ಡರ್ ತೆಗ್ದಿದೀವಿ ಅಂತ ಅದೇ ಹೇಳ್ಬಿಡುತ್ತೆ."

ಆ ಕಂಪ್ಯೂಟರಿನ ಮುಂದೆ ಕೂರುವವರು ನಾವಿಬ್ಬರೇ. 'ಹಳೇ ಬಿಲ್ಲು' ಎಂಬ ಫೋಲ್ಡರಿನಲ್ಲಿ ನಾನೂ ಒಂದು ಲಗ್ನಪತ್ರಿಕೆ ಮಾಡಿ ಬಚ್ಚಿಟ್ಟಿದ್ದೆ. ವರನ ಜಾಗದಲ್ಲಿ ಯತೀಶನ ಹೆಸರು, ವಧುವಿನ ಜಾಗದಲ್ಲಿ ನನ್ನದು. ಅವನು ಅದನ್ನು ನೋಡಿಬಿಟ್ಟರೆ ನಾಳೆಯಿಂದ ಈ ಮೆಟ್ಟಿಲು ಹತ್ತುವುದಾದರೂ ಹೇಗೆ?

"ಬೇಡ ಸಾರ್, ನಾನೇ ಹೊಸದಾಗಿ ಟೈಪ್ ಮಾಡ್ಕೊಡ್ತೀನಿ," ಎಂದೆ.

"ನಮ್ಮತ್ತೆ ಹೆಸರು ಬಿಟ್ಟುಹೋಗಿ ಮನೇಲಿ ಆಗಿರೋ ರಾದ್ಧಾಂತ ಸಾಕಮ್ಮ. ತಿದ್ದಿರೋ ಫೈಲೇ ಬೇಕು."

ಪಟ್ಟಿ ತೆರೆದುಕೊಂಡಿತು. ಎಲ್ಲಕ್ಕಿಂತ ಮೇಲೆ 'ಹಳೇ ಬಿಲ್ಲು' ಇತ್ತು.

"ಯತೀಶ್, ಅದು ಬೇಡ. ದಮ್ಮಯ್ಯ, ಬೇಡ." ಅವನಿಗಷ್ಟೇ ಕೇಳುವಂತೆ ಪಿಸುಗುಟ್ಟಿದೆ.

ಅವನ ಕೈ ನಿಂತಿತು.

"ಏನಪ್ಪಾ, ಮುಹೂರ್ತ ನೋಡ್ತಿದೀಯಾ? ತೆಗಿ!" ಎಂದು ಸೋದರಮಾವ ತಾವೇ ಮೌಸ್ ಕಿತ್ತುಕೊಂಡು, ಫೋಲ್ಡರನ್ನೂ ಅದರೊಳಗಿದ್ದ ಒಂದೇ ಒಂದು ಫೈಲನ್ನೂ ತೆರೆದುಬಿಟ್ಟರು.

ನಾನು ಮುಖ ಮುಚ್ಚಿಕೊಂಡೆ.

"ಇದು ನಮ್ದಲ್ಲ... ಓಹೋ, ನಿಮ್ಮಿಬ್ರುದೇ! ಮಾಘದಲ್ಲಿ, ಗುರುವಾರ. ಒಳ್ಳೇ ದಿನಾನೇ ಇಟ್ಕೊಂಡಿದೀರಲ್ಲಮ್ಮ!"

ಮುಹೂರ್ತದ ಜಾಗವನ್ನು ನಾನು ಖಾಲಿ ಬಿಟ್ಟಿದ್ದೆ.